ಗೋಡೆಯೊಳಗಿನ ತಂತಿ ಮತ್ತು ನಮ್ಮ ಸಹಿ



ಜಾತ್ರೆಯ ಜಮಾ-ಖರ್ಚು, ದಾಸೋಹಕ್ಕೆ ಬಂದ ಜೋಳ-ಬೇಳೆಯ ವಿವರ, ಪ್ರಸಾದ ನಿಲಯದ ಮಕ್ಕಳ ಪರೀಕ್ಷೆಯ ಫಲಿತಾಂಶ ಇವನ್ನೆಲ್ಲ ಈ ಪುಟದಲ್ಲಿ ತಮಗೆ ಒಪ್ಪಿಸುವುದು ನಮ್ಮ ಪಾಲಿಗೆ ಬಂದ ಸೇವೆ. ಈ ಸಲ ಲೆಕ್ಕದ ಪುಸ್ತಕದಲ್ಲಿ ಬರೆಯಲು ಬಾರದ ಒಂದು ಬಾಕಿಯನ್ನು ತಮ್ಮ ಮುಂದಿಡುತ್ತಿದ್ದೇವೆ. ಅದು ನಮ್ಮದೇ ತಪ್ಪಿನ ಮಾತು. ಆ ತಪ್ಪಿನಿಂದ ಹುಟ್ಟಿದ ಒಂದು ಪ್ರಶ್ನೆಯ ಮಾತೂ ಹೌದು. ಕಾನೂನು ಎಲ್ಲಿಗೆ ನಿಲ್ಲುತ್ತದೆಯೋ ಅಲ್ಲಿಗೆ ಮನುಷ್ಯನ ಹೊಣೆಯೂ ನಿಲ್ಲುತ್ತದೆಯೇ? ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಮಾಡಿದ ಕೆಲಸಕ್ಕೆ ನಾವು ಯಾರಿಗೆ ಉತ್ತರ ಕೊಡಬೇಕು?

ಕಳೆದ ವರ್ಷ ಮಠದ ಅಡಿಗೆಮನೆಗೆ ಹೊಂದಿಕೊಂಡು ಒಂದು ಹೊಸ ಕೋಣೆ ಕಟ್ಟಿದ್ದು ತಮಗೆ ತಿಳಿದೇ ಇದೆ. ಇಟ್ಟಂಗಿಯ ಗೋಡೆ, ಮೇಲೆ ತಗಡು. ಗೌಂಡಿ ಕೆಲಸ ಮುಗಿದ ಮೇಲೆ ವಾಯರಿಂಗ್ ಮಾಡಲು ಭಕ್ತರ ಮನೆತನದ ಒಬ್ಬ ತರುಣ ಮುಂದೆ ಬಂದ. ಕೂಲಿ ಬೇಡ, ಸೇವೆಯೆಂದು ಮಾಡುತ್ತೇನೆ ಎಂದ. ಒಳ್ಳೆಯ ಹುಡುಗ. ಸುತ್ತಲಿನ ಹಳ್ಳಿಗಳಲ್ಲಿ ಎಷ್ಟೋ ಮನೆಗಳಿಗೆ ಕರೆಂಟು ಜೋಡಿಸಿದ ಕೈ. ಆದರೆ ಅವನ ಹತ್ತಿರ ಲೈಸೆನ್ಸ್ ಇರಲಿಲ್ಲ. ಮಠದ ಹಣ ಉಳಿಯಿತೆಂದು ನಾವು ಸಂತೋಷದಿಂದ ಒಪ್ಪಿಕೊಂಡೆವು.

ಕೆಲಸ ಮುಗಿದು ಹೆಚ್ಚಿನ ಲೋಡಿಗೆ ಅರ್ಜಿ ಕೊಡುವಾಗ ಲೈಸೆನ್ಸ್ ಇದ್ದ ಗುತ್ತಿಗೆದಾರರ ಟೆಸ್ಟ್ ರಿಪೋರ್ಟ್ ಬೇಕಾಯಿತು. ತಾಲೂಕಿನ ಊರಿನಲ್ಲಿ ಒಬ್ಬರು 1,500 ರೂಪಾಯಿಗೆ ಅದನ್ನು ಬರೆದುಕೊಟ್ಟರು. ತಮ್ಮ ಅಂಗಡಿಯಲ್ಲಿ ಕುಳಿತಲ್ಲೇ ಬರೆದರು. ಮಠದ ಹೊಸ್ತಿಲನ್ನು ಅವರು ತುಳಿಯಲಿಲ್ಲ. ನೆಲಕ್ಕೆ ಇಳಿಯುವ ಅರ್ಥಿಂಗ್ ಅಳೆದೆವು, ತಂತಿಯ ಹೊದಿಕೆ ಪರೀಕ್ಷಿಸಿದೆವು ಎಂದು ಮರಾಠಿಯಲ್ಲಿ ಅಚ್ಚಾದ ಸಾಲುಗಳ ಮುಂದೆ ಅಂಕಿಗಳನ್ನು ತುಂಬಿದರು. ಅರ್ಜಿದಾರರ ಜಾಗದಲ್ಲಿ ನಾವು ಸಹಿ ಮಾಡಿದೆವು. ಮಠಕ್ಕೆ ಬಂದು ವೌಚರಿನಲ್ಲಿ 'ವಿದ್ಯುತ್ ತಪಾಸಣೆ ಬಾಬ್ತು' ಎಂದು ಖರ್ಚು ಹಾಕಿದೆವು. ಬಿ.ಕಾಂ. ಓದಿ, ನಾಲ್ಕಾಣೆಯ ಲೆಕ್ಕ ತಪ್ಪಿದರೂ ರಾತ್ರಿ ನಿದ್ದೆ ಬಾರದವರು ನಾವೆಂದು ಹೇಳಿಕೊಳ್ಳುತ್ತೇವೆ. ಆಗದ ತಪಾಸಣೆಗೆ ಖರ್ಚು ಬರೆದ ಆ ರಾತ್ರಿ ನಮಗೆ ಚೆನ್ನಾಗಿ ನಿದ್ದೆ ಬಂತು.

ಶ್ರಾವಣ ಮಾಸದಲ್ಲಿ ಒಂದು ಮುಂಜಾನೆ, ದಾಸೋಹದ ಅಡಿಗೆಗೆ ವರ್ಷಗಳಿಂದ ಕೈ ಕೊಡುತ್ತ ಬಂದ ಒಬ್ಬ ಅಕ್ಕನವರು ಒದ್ದೆ ಕೈಯಿಂದ ರುಬ್ಬುವ ಗ್ರೈಂಡರನ್ನು ಮುಟ್ಟಿದರು. ಕೂಗು ಕೇಳಿ ನಾವು ಓಡಿ ಹೋಗುವಷ್ಟರಲ್ಲಿ ಅವರು ನೆಲಕ್ಕೆ ಬಿದ್ದಿದ್ದರು. ದೇವರ ದಯೆ, ಜೀವ ಉಳಿಯಿತು. ಬಲಗೈ ಬಹಳ ದಿನ ಜೋಮು ಹಿಡಿದಂತೆ ಇತ್ತು. ಆಮೇಲೆ ಸ್ವಿಚ್ಚಿನ ಬೋರ್ಡು ಬಿಚ್ಚಿಸಿ ನೋಡಿದರೆ, ಅರ್ಥಿಂಗಿನ ಹಸಿರು ತಂತಿಯನ್ನು ಎಲ್ಲಿಗೂ ಜೋಡಿಸದೆ ಸುರುಳಿ ಸುತ್ತಿ ಒಳಗೆ ಇಡಲಾಗಿತ್ತು. ಹೊರಗೆ ಅರ್ಥಿಂಗಿನ ಗುಂಡಿಯನ್ನು ತೋಡಿಯೇ ಇರಲಿಲ್ಲ.

ಹುಡುಗನನ್ನು ಕರೆದು ಕೇಳಿದೆವು. ಅವನ ಕಣ್ಣಲ್ಲಿ ನೀರು. "ಅಣ್ಣಾರ, ಹಸರ ವಾಯರ್ ಜೋಡಿಸದಿದ್ರೂ ಮಶೀನ ತಿರಗತೈತ್ರಿ. ಯಾರ ಮನ್ಯಾಗೂ ಯಾರೂ ಕೇಳಿಲ್ರಿ," ಎಂದ. ಅವನು ಹೇಳಿದ್ದು ನಿಜ. ಆ ತಂತಿ ಇರಲಿ, ಇಲ್ಲದಿರಲಿ, ದೀಪ ಹತ್ತುತ್ತದೆ, ಫ್ಯಾನು ತಿರುಗುತ್ತದೆ. ವರ್ಷಾನುಗಟ್ಟಲೆ ಏನೂ ಕೆಲಸವಿಲ್ಲದೆ ಗೋಡೆಯೊಳಗೆ ಸುಮ್ಮನೆ ಬಿದ್ದಿರುವ ತಂತಿ ಅದು. ಒಂದೇ ದಿನ, ಒಂದೇ ಕ್ಷಣ ಅದಕ್ಕೆ ಕೆಲಸ. ಆ ಕ್ಷಣದಲ್ಲಿ ಅದು ಇಲ್ಲದಿದ್ದರೆ ಅದರ ಕೆಲಸವನ್ನು ಮನುಷ್ಯನ ಮೈ ಮಾಡಬೇಕಾಗುತ್ತದೆ.

ಈ ವಿಷಯವನ್ನು ಆಮೇಲೆ ತಿಳಿದವರಿಂದ ಕೇಳಿ ಅರಿತುಕೊಂಡೆವು. ನಮ್ಮಂತೆ ತಿಳಿಯದವರು ಬಹಳ ಮಂದಿ ಇರುವುದರಿಂದ ಎರಡು ಮಾತು ಹೇಳುತ್ತೇವೆ. ಯಂತ್ರದ ಒಳಗಿನ ತಂತಿ ಸವೆದು ಹೊರಗಿನ ಲೋಹಕ್ಕೆ ತಾಗಿದಾಗ ಆ ಲೋಹಕ್ಕೆಲ್ಲ 230 ವೋಲ್ಟ್ ಏರುತ್ತದೆ. ಅರ್ಥಿಂಗ್ ಸರಿಯಿದ್ದರೆ ಕರೆಂಟು ಆ ದಾರಿಯಲ್ಲಿ ಜೋರಾಗಿ ಹರಿದು ಫ್ಯೂಜು ಹಾರುತ್ತದೆ. ಇಲ್ಲದಿದ್ದರೆ ಅದು ಮುಟ್ಟುವವರ ದಾರಿ ಕಾಯುತ್ತ ಅಲ್ಲೇ ನಿಂತಿರುತ್ತದೆ. ಬೋರ್ಡಿನಲ್ಲಿ ಎಂ.ಸಿ.ಬಿ. ಇದೆಯಲ್ಲ ಎಂದು ನಾವು ಧೈರ್ಯವಾಗಿದ್ದೆವು. ಎಂ.ಸಿ.ಬಿ. ತಂತಿಯನ್ನು ಕಾಯುವ ಸಾಧನ. 16 ಆಂಪಿಯರಿನದಾದರೆ ಅಷ್ಟನ್ನು ಮೀರಿ ಹರಿದಾಗ ಅದು ಬೀಳುತ್ತದೆ. ಮನುಷ್ಯನನ್ನು ಕಾಯಲು ಇಡುವ ಆರ್.ಸಿ.ಸಿ.ಬಿ. ಎಂಬ ಸಾಧನ 30 ಮಿಲಿ ಆಂಪಿಯರ್ ಸೋರಿದರೆ ಸಾಕು, ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ ಕರೆಂಟು ಕಡಿಯುತ್ತದೆ. 16 ಆಂಪಿಯರೆಂದರೆ 16,000 ಮಿಲಿ ಆಂಪಿಯರ್. ಲೆಕ್ಕ ಹಾಕಿ ನೋಡಿದರೆ 500 ಪಟ್ಟಿಗಿಂತ ಹೆಚ್ಚಿನ ಅಂತರ. ಆ ಅಂತರದಲ್ಲಿ ಒಂದು ಜೀವ ಸುಲಭವಾಗಿ ಹೋಗಬಲ್ಲದು.

ಇನ್ನು ತಪ್ಪು ಯಾರದು? ಹುಡುಗನದೆಂದು ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ಸಮಿತಿಯಲ್ಲಿ ಒಂದಿಬ್ಬರು ಹಾಗೆಯೇ ಹೇಳಿದರು. ಅಂಗಡಿಯಲ್ಲಿ ಕುಳಿತು ಸಹಿ ಮಾಡಿದವರದೆಂದು ಮತ್ತೊಬ್ಬರು ಹೇಳಿದರು. ಇಬ್ಬರಲ್ಲೂ ತಪ್ಪಿದೆ. ಆದರೆ ಹುಡುಗನಿಗೆ ತಾನು ಬಿಟ್ಟದ್ದು ಏನೆಂದು ಪೂರ್ತಿ ಗೊತ್ತಿರಲಿಲ್ಲ. ಸಹಿ ಮಾಡಿದವರಿಗೆ ಗೊತ್ತಿತ್ತು. ಆದರೆ ನಾವು ಕೇಳದೆ ಅವರೇನೂ ಕೊಟ್ಟಿರಲಿಲ್ಲ. ತಪಾಸಣೆ ಆಗಿಲ್ಲವೆಂದು ಕಣ್ಣಾರೆ ಕಂಡು, ಆಗಿದೆಯೆಂಬ ಕಾಗದವನ್ನು ಹಣ ಕೊಟ್ಟು ತಂದವರು ನಾವು. ನಿಯಮವನ್ನು ನಾವು ಮುರಿಯಲಿಲ್ಲ, ಕಾಗದದ ಮೇಲೆ ಪೂರೈಸಿದೆವು. ಹೀಗೆ ಪೂರೈಸುವುದು ಮುರಿಯುವುದಕ್ಕಿಂತ ಕೆಟ್ಟದ್ದೆಂದು ಈಗ ಅನ್ನಿಸುತ್ತದೆ. ಮುರಿದವನಿಗೆ ತಾನು ಮುರಿದೆನೆಂಬ ಅಳುಕಾದರೂ ಇರುತ್ತದೆ. ಕಾಗದ ಕೈಯಲ್ಲಿ ಹಿಡಿದವನಿಗೆ ಆ ಅಳುಕೂ ಉಳಿಯುವುದಿಲ್ಲ.

ನಿಯಮ ಹೊಸದೇನೂ ಅಲ್ಲ. 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳಲ್ಲಿಯೇ ವಾಯರಿಂಗ್ ಕೆಲಸವನ್ನು ಲೈಸೆನ್ಸ್ ಇದ್ದ ಗುತ್ತಿಗೆದಾರನಿಂದ, ಅರ್ಹತಾ ಪತ್ರವಿದ್ದವನ ಮೇಲ್ವಿಚಾರಣೆಯಲ್ಲಿ ಮಾಡಿಸಬೇಕೆಂದು ಹೇಳಿತ್ತು. ಬಲ್ಬು, ಫ್ಯಾನು, ಫ್ಯೂಜು, ಸ್ವಿಚ್ಚು ಬದಲಿಸುವಂಥ ಸಣ್ಣ ಕೆಲಸಕ್ಕೆ ಮಾತ್ರ ವಿನಾಯಿತಿ. 2003ರ ವಿದ್ಯುಚ್ಛಕ್ತಿ ಕಾಯ್ದೆಯ ಕೆಳಗೆ ಕೇಂದ್ರ ವಿದ್ಯುತ್ ಪ್ರಾಧಿಕಾರವು 2010ರಲ್ಲಿ, ಆ ಮೇಲೆ 2023ರಲ್ಲಿ ಹೊಸ ಸುರಕ್ಷತಾ ನಿಯಮಗಳನ್ನು ತಂದಿತು. ಇವು ಕೇಂದ್ರದ ನಿಯಮಗಳಾದ್ದರಿಂದ ಅಕ್ಕಲಕೋಟೆ, ಜತ್ತ, ಆದೋನಿ, ಹೊಸೂರು, ಕಾಸರಗೋಡು, ಎಲ್ಲಿಯ ನಮ್ಮ ಭಕ್ತರಿಗೂ ಒಂದೇ. ಅಂದರೆ ಸುಮಾರು 70 ವರ್ಷಗಳಿಂದ ಈ ಮಾತನ್ನು ಬರೆದಿಟ್ಟಿದ್ದಾರೆ. ನಮ್ಮ ಗೋಡೆಯೊಳಗೆ ಮಾತ್ರ ಅದು ಇಳಿದಿಲ್ಲ.

ಇಲ್ಲಿ ಇನ್ನೊಂದು ವಿಷಯ ನಮ್ಮನ್ನು ಬಹಳ ಕಾಡಿತು. 2010ರ ನಿಯಮ ಬಂದಾಗ, ಕರೆಂಟಿನ ಸೋರಿಕೆಯನ್ನು ಕಂಡು ಕಡಿಯುವ ಸಾಧನ ಕಡ್ಡಾಯವೆಂದು ಹೇಳಿ, 5 ಕಿಲೋವಾಟಿಗಿಂತ ಕಡಿಮೆ ಲೋಡಿನ ಸಾಮಾನ್ಯ ಮನೆಗಳನ್ನು ಅದರಿಂದ ಬಿಟ್ಟಿತ್ತು. ನಮ್ಮ ಹಳ್ಳಿಗಳಲ್ಲಿ 5 ಕಿಲೋವಾಟ್ ಲೋಡಿನ ಮನೆಗಳು ಎಷ್ಟಿವೆ? ಹಾಗೆಯೇ ಮನೆಗಳು ಬಿಸಿಲಿಗೆ ಕುದಿಯದಂತೆ, ಕರೆಂಟು ಕಡಿಮೆ ಸುಡುವಂತೆ ಕಟ್ಟಬೇಕೆಂದು ಕೇಂದ್ರ ಸರಕಾರ 2018ರ ಡಿಸೆಂಬರಿನಲ್ಲಿ 'ಇಕೋ ನಿವಾಸ ಸಂಹಿತಾ' ಎಂಬ ಸಂಹಿತೆಯನ್ನು ಹೊರತಂದಿತು. ಆಗ ಅದು 500 ಚದರ ಮೀಟರ್, ಅಂದರೆ ಹತ್ತಿರ ಹತ್ತಿರ 5 ಗುಂಟೆ, ಅಥವಾ ಅದಕ್ಕೂ ಹೆಚ್ಚಿನ ಜಾಗದಲ್ಲಿ ಕಟ್ಟುವ ವಸತಿಗಳಿಗಾಗಿ ಇತ್ತು. 2022ರಲ್ಲಿ ಇಂಧನ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿಯಾಗಿ ವಸತಿ ಕಟ್ಟಡಗಳೂ ಅದರೊಳಗೆ ಸೇರಿದವು. ಅಲ್ಲಿಯೂ 100 ಕಿಲೋವಾಟ್ ಲೋಡಿನ ಮಿತಿ, ರಾಜ್ಯಗಳು ಬೇಕಾದರೆ ಅದನ್ನು ಇಳಿಸಬಹುದು. ಎಲ್ಲ ಕಡೆಗೂ ಒಂದು ಗೆರೆ. ಗೆರೆಯ ಆಚೆ ದೊಡ್ಡ ಮನೆ, ಈಚೆ ನಮ್ಮ ಮನೆ.

ಹಾಗಾದರೆ ಬಡವನ ಜೀವಕ್ಕೆ ಬೆಲೆ ಕಡಿಮೆಯೇ ಎಂದು ಮೊದಲು ಸಿಟ್ಟು ಬಂತು. ನಿಧಾನವಾಗಿ ವಿಚಾರ ಮಾಡಿದಾಗ ಬೇರೆ ಹೊಳೆಯಿತು. ಗೆರೆ ಎಳೆದವರ ಮನಸ್ಸಿನಲ್ಲಿ ಬಡವನ ಮೇಲೆ ಖರ್ಚು ಹೇರಬಾರದೆಂಬ ಕರುಣೆ ಇದ್ದಿರಬಹುದು. ಕೋಟಿ ಕೋಟಿ ಸಣ್ಣ ಮನೆಗಳನ್ನು ತಪಾಸಣೆ ಮಾಡಲು ಸರಕಾರದ ಹತ್ತಿರ ಅಷ್ಟು ಜನರೂ ಇಲ್ಲ. ಆದ್ದರಿಂದ ಆ ಗೆರೆ ಸರಕಾರದ ಕೈ ಎಷ್ಟು ದೂರ ಚಾಚೀತು ಎಂಬುದರ ಗುರುತು. ಅದನ್ನು ನಾವು ನಮ್ಮ ಹೊಣೆಯ ಗುರುತೆಂದು ಓದಿಕೊಂಡೆವು. ಕರೆಂಟಿಗೆ ಈ ಗೆರೆ ಗೊತ್ತಿಲ್ಲ. ಒಂದು ಬಲ್ಬಿನ ಗುಡಿಸಲಿನಲ್ಲೂ ಅದು 230 ವೋಲ್ಟೇ. ಬಿಸಿಲಿಗೂ ಗೊತ್ತಿಲ್ಲ. ಕಾನೂನು ಬಿಟ್ಟ ಜಾಗದಲ್ಲಿ ನೋಡುವವರು ಯಾರೂ ಇಲ್ಲದಿರುವುದರಿಂದ, ಅಲ್ಲಿ ನಮ್ಮ ಹೊಣೆ ಇನ್ನಷ್ಟು ಭಾರವಾಗುತ್ತದೆ.

ತಂತಿಯಂತೆಯೇ ಮನೆಯ ಮಾಳಿಗೆಯ ಮಾತು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಸೋಲಾಪುರ ಸೀಮೆಯ ಬಿಸಿಲು 42 ಡಿಗ್ರಿ ದಾಟುವುದು ಎಲ್ಲರಿಗೂ ಗೊತ್ತು. ನಮ್ಮ ಅಜ್ಜಂದಿರು ಕಟ್ಟಿದ ಮಣ್ಣಿನ ಮೇಲ್ಮುದ್ದೆಯ ಮನೆಗಳಲ್ಲಿ ದಪ್ಪ ಗೋಡೆ, ದಪ್ಪ ಮಾಳಿಗೆ, ಮೇಲೊಂದು ಬೆಳಕಿಂಡಿ. ಹಗಲಿನ ಕಾವು ಒಳಗೆ ಇಳಿಯುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ಈಗ ಜಾಗ ಸಣ್ಣದು, ಕೂಲಿ ದುಬಾರಿ; ತಗಡು ಹೊಚ್ಚುತ್ತೇವೆ ಅಥವಾ ಸ್ಲ್ಯಾಬು ಹಾಕುತ್ತೇವೆ. 2018ರ ಸಂಹಿತೆಯಲ್ಲಿ ಮಾಳಿಗೆಯ ಮೂಲಕ ಕಾವು ಇಳಿಯುವುದಕ್ಕೆ ಒಂದು ಮಿತಿ ಹಾಕಿದ್ದರು. ಪ್ರತಿ ಚದರ ಮೀಟರಿಗೆ, ಹೊರಗು-ಒಳಗಿನ ಒಂದೊಂದು ಡಿಗ್ರಿ ಅಂತರಕ್ಕೆ 1.2 ವಾಟ್ ಮೀರಬಾರದು. ಮೇಲೆ ಏನೂ ಹೊದಿಸದ ಬರೀ ಸ್ಲ್ಯಾಬಿನಿಂದ ಇದರ ಎರಡು ಪಟ್ಟಿಗಿಂತಲೂ ಹೆಚ್ಚು ಕಾವು ಇಳಿಯುತ್ತದೆ. ತಗಡಿನ ಮಾತು ಕೇಳುವುದೇ ಬೇಡ. ಬಿಸಿ-ಒಣ ಹವೆಯ ಸೀಮೆಗೆ ನೆಲದ ವಿಸ್ತಾರದ ಶೇಕಡಾ 10ರಷ್ಟಾದರೂ ತೆರೆಯಬಲ್ಲ ಕಿಟಕಿ-ಬಾಗಿಲು ಇರಬೇಕೆಂದೂ ಹೇಳಿದ್ದರು. 2016ರಲ್ಲಿ ಆರಂಭವಾದ ಗ್ರಾಮೀಣ ಆವಾಸ ಯೋಜನೆಯ ಘರಕುಲದ ಕನಿಷ್ಠ ಅಳತೆ 25 ಚದರ ಮೀಟರ್. ಅಂಥ ಮನೆಗೆ ಈ ಲೆಕ್ಕದಲ್ಲಿ ಎರಡೂವರೆ ಚದರ ಮೀಟರ್ ತೆರಪು ಸಾಕು. ಇದು ಕಾನೂನಿನ ಒತ್ತಾಯವಿಲ್ಲದೆಯೂ ಯಾವ ಗೌಂಡಿಯಾದರೂ ಮಾಡಬಹುದಾದ ಕೆಲಸ.

ಸ್ವಂತಕ್ಕೆ ಕಟ್ಟಿಕೊಳ್ಳುವವರ ಮಾತು ಬೇರೆ, ಬಾಡಿಗೆಗೆಂದು ಕಟ್ಟುವವರ ಮಾತು ಬೇರೆ. ನಮ್ಮ ಭಕ್ತರಲ್ಲಿಯೇ ಅನುಕೂಲಸ್ಥರು ಸಾಲಾಗಿ ತಗಡಿನ ಖೋಲಿಗಳನ್ನು ಕಟ್ಟಿ ಮಗ್ಗದ ಕಾರ್ಖಾನೆಯ ಕೂಲಿಕಾರರಿಗೆ ಬಾಡಿಗೆ ಕೊಟ್ಟಿದ್ದಾರೆ. ಕಟ್ಟುವಾಗ ಅರ್ಥಿಂಗ್ ಬಿಟ್ಟರೆ, ಕಿಟಕಿ ಒಂದು ಕಡಿಮೆ ಮಾಡಿದರೆ ಮಾಲೀಕರಿಗೆ ಒಮ್ಮೆ ಉಳಿತಾಯ. ಅದರ ಬಡ್ಡಿಯನ್ನು ಬಾಡಿಗೆದಾರರು ಪ್ರತಿ ತಿಂಗಳು ಲೈಟ್ ಬಿಲ್ಲಿನಲ್ಲಿ, ಪ್ರತಿ ರಾತ್ರಿ ನಿದ್ದೆಯಲ್ಲಿ ತುಂಬುತ್ತಾರೆ. 75 ವಾಟಿನ ಹಳೆಯ ಫ್ಯಾನು ದಿನಕ್ಕೆ 12 ತಾಸು ತಿರುಗಿದರೆ ತಿಂಗಳಿಗೆ 27 ಯೂನಿಟ್. ಅಷ್ಟೇ ಗಾಳಿ ಕೊಡುವ 30 ವಾಟಿನ ಹೊಸ ಬಗೆಯ ಫ್ಯಾನಿಗೆ 11 ಯೂನಿಟಿಗಿಂತ ಕಡಿಮೆ. ಮಾಳಿಗೆ ಸರಿಯಿದ್ದರೆ ಅಷ್ಟು ಹೊತ್ತು ಫ್ಯಾನೇ ಬೇಡವಾಗಬಹುದು. ನಮ್ಮ ವಾಣಿಜ್ಯ ಶಾಸ್ತ್ರದಲ್ಲಿ ಇಂಥದಕ್ಕೆ ಒಂದು ಮಾತಿದೆ: ಒಬ್ಬರ ಖರ್ಚನ್ನು ಇನ್ನೊಬ್ಬರ ಖಾತೆಗೆ ಬರೆದರೆ ತಾಳೆಪಟ್ಟಿ ಕೂಡುತ್ತದೆ, ಆದರೆ ಲೆಕ್ಕ ಸುಳ್ಳು.

ಈ ಖಾತೆ ಬಾಡಿಗೆದಾರರಿಗೂ ಮುಗಿಯುವುದಿಲ್ಲ. ದಕ್ಷಿಣ ಸೋಲಾಪುರ ತಾಲೂಕಿನಲ್ಲಿ ಎನ್.ಟಿ.ಪಿ.ಸಿ.ಯ 1,320 ಮೆಗಾವಾಟಿನ ವಿದ್ಯುತ್ ಸ್ಥಾವರವನ್ನು ನಾವೆಲ್ಲ ನೋಡಿದ್ದೇವೆ. ಅಲ್ಲಿ ಸುಡುವುದು ಕಲ್ಲಿದ್ದಲು, ಬಳಸುವುದು ಉಜನಿಯ ನೀರು. ಬೇಸಿಗೆಯಲ್ಲಿ ಕೊಡ ಹಿಡಿದು ಟ್ಯಾಂಕರಿನ ದಾರಿ ಕಾಯುವ ಸೀಮೆಯವರಾದ ನಮಗೆ, ಸುಮ್ಮನೆ ಸುಟ್ಟ ಒಂದು ಯೂನಿಟಿನಲ್ಲಿಯೂ ನೀರು ಇದೆಯೆಂದು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಮಾತಿಗೆ ಎದುರಾಗಿ ಬರುವ ಮಾತುಗಳೂ ಇವೆ. ಅವುಗಳಲ್ಲಿ ಸತ್ಯವೂ ಇದೆ. "ಮಗಳ ಫೀ ತುಂಬಲೋ, ಅರ್ಥಿಂಗಿನ ಗುಂಡಿ ತೋಡಲೋ?" ಎಂದು ಒಬ್ಬ ಭಕ್ತರು ನಮ್ಮನ್ನು ಕೇಳಿದರು. ಅವರಿಗೆ ಉಪದೇಶ ಮಾಡುವ ಧೈರ್ಯ ನಮಗಾಗಲಿಲ್ಲ. ಇದ್ದದ್ದರಲ್ಲಿ ಯಾವುದು ಮೊದಲೆಂದು ಆರಿಸುವ ಹಕ್ಕು ಅವರದು. ಆದರೂ ಒಂದು ಮಾತನ್ನು ಅವರಿಗೆ ಹೇಳಿದೆವು. ಅಪಾಯವನ್ನು ತನ್ನ ಮೈಮೇಲೆ ತೆಗೆದುಕೊಳ್ಳುವ ಸ್ವಾತಂತ್ರ್ಯ ಮನುಷ್ಯನಿಗಿದೆ. ಆ ಮನೆಯಲ್ಲಿ ಅಂಬೆಗಾಲಿಡುವ ಕೂಸಿಗೆ, ಬಂದು ಹೋಗುವ ಬೀಗರಿಗೆ, ಪಾತ್ರೆ ತೊಳೆಯಲು ಬರುವವರಿಗೆ ಆರಿಸುವ ಅವಕಾಶ ಯಾರೂ ಕೊಟ್ಟಿರುವುದಿಲ್ಲ. ಅವರ ಪರವಾಗಿ ನಾವು ಆರಿಸುವಾಗ ಕೈ ಸ್ವಲ್ಪ ನಡುಗಬೇಕು. ಇನ್ನು ಕೈಯಲ್ಲಿ ಹಣವಿದ್ದು ಬೇರೆಯವರಿಗಾಗಿ ಕಟ್ಟುವವರು, ಅವರಲ್ಲಿ ನಮ್ಮ ಮಠವೂ ಬಂತು, ಬಡತನದ ನೆಪ ಹೇಳುವಂತಿಲ್ಲ.

ಎಲ್ಲಕ್ಕಿಂತ ಕಠಿಣವಾದ ಮಾತು ಬಂದದ್ದು ಆ ಅಕ್ಕನವರಿಂದಲೇ. ತಪ್ಪೊಪ್ಪಿಕೊಳ್ಳಲು ನಾವು ಅವರ ಮನೆಗೆ ಹೋದಾಗ ಅವರು ಎದ್ದು ನಿಂತು, "ಬಿಡ್ರಿ ಅಣ್ಣಾರ, ನನ್ನ ಹಣೆಬರಾ ಚಲೋ ಇತ್ತು, ಉಳಕೊಂಡೆ. ನೀವೇನ ಬೇಕಂತ ಮಾಡೀರೇನು?" ಎಂದರು. ಕೇಳಿ ನಮಗೆ ಎದೆಯ ಭಾರ ಇಳಿದಂತಾಯಿತು. ದಾರಿಯಲ್ಲಿ ಬರುವಾಗ ಆ ಹಗುರವೇ ನಮಗೆ ನಾಚಿಕೆ ತಂದಿತು. ಅವರು ನಮ್ಮನ್ನು ಕ್ಷಮಿಸಿದ್ದು ಅವರ ದೊಡ್ಡತನ. ಆದರೆ ಹಣೆಬರಹದ ಮೇಲೆ ಹಾಕಿದ್ದನ್ನು ನಾವು ಒಪ್ಪಿಕೊಂಡರೆ, ಒಂದು ಹಸಿರು ತಂತಿಯ ಬೆಲೆಯಲ್ಲಿ ತಪ್ಪಿಸಬಹುದಾಗಿದ್ದ ಅನಾಹುತಕ್ಕೆ ದೇವರನ್ನು ಹೊಣೆ ಮಾಡಿದಂತೆ. ಬೇಕೆಂದು ಮಾಡಲಿಲ್ಲ, ನಿಜ. ಬೇಡವೆಂದು ನೋಡಲೂ ಇಲ್ಲ. ನೋಡದೆ ಇದ್ದುದಕ್ಕೆ ಕ್ಷಮೆ ಸಿಕ್ಕಬಹುದು. ನೋಡುವ ಕೆಲಸ ಮಾತ್ರ ಹಾಗೆಯೇ ಬಾಕಿ ಉಳಿಯುತ್ತದೆ.

ಆ ಬಾಕಿಯನ್ನು ತೀರಿಸುವ ದಾರಿಯಲ್ಲಿ ಇಷ್ಟು ಮಾಡಿದ್ದೇವೆ. ಪೂಜ್ಯರ ಅಪ್ಪಣೆ ಪಡೆದು ಅಡಿಗೆಮನೆ ಮತ್ತು ಪ್ರಸಾದ ನಿಲಯದ ವಾಯರಿಂಗನ್ನು ಪೂರ್ತಿ ಬಿಚ್ಚಿ ಹೊಸದಾಗಿ ಮಾಡಿಸಿದೆವು. ಅರ್ಹತಾ ಪತ್ರವಿದ್ದ ಮೇಲ್ವಿಚಾರಕರು ನಿಂತು ಮಾಡಿಸಿದರು. ಅದೇ ಹುಡುಗ ಅವರ ಕೈಕೆಳಗೆ ಕೂಲಿ ಪಡೆದು ದುಡಿದ, ಈಗ ಅವರ ಬಳಿಯೇ ಕಲಿಯುತ್ತಿದ್ದಾನೆ. ಅವನನ್ನು ಹೊರಗಟ್ಟಬೇಕೆಂಬ ಮಾತು ಬಂದಿತ್ತು. ಹೊರಗಟ್ಟಿದರೆ ಅವನು ನಾಳೆ ಬೇರೊಂದು ಮನೆಯಲ್ಲಿ ಅದೇ ತಂತಿಯನ್ನು ಸುರುಳಿ ಸುತ್ತುತ್ತಾನೆ. ಸೇವೆಯೆಂದು ಮಾಡಿದ ಕೆಲಸಕ್ಕೂ ಅಳತೆಗೋಲು ಒಂದೇ ಎಂದು ಅವನೂ ಕಲಿತ, ನಾವೂ ಕಲಿತೆವು. ಪುಕ್ಕಟೆ ಮಾಡಿದ ಕಾಯಕವೆಂದು ಅದರಲ್ಲಿನ ಕೊರತೆಯನ್ನು ಮನ್ನಿಸಲು ಬರುವುದಿಲ್ಲ. ಅಳತೆಯನ್ನು ಈ ಸಲ ನಮ್ಮ ಎದುರಿಗೇ ಮಾಡಿದರು. ವರದಿಯ ಪ್ರತಿಯೊಂದು ಸಾಲನ್ನು ಕನ್ನಡದಲ್ಲಿ ಓದಿಸಿಕೊಂಡು ಆ ಮೇಲೆ ಸಹಿ ಮಾಡಿದೆವು. ತಗಡಿನ ಮೇಲೆ ಸುಣ್ಣ ಹೊಡೆಸಿ, ಕೆಳಗೆ ಬಿದಿರಿನ ತಟ್ಟಿ ಕಟ್ಟಿಸಿದ್ದೇವೆ. ಆ 1,500 ರೂಪಾಯಿಯನ್ನು ನಮ್ಮ ಸ್ವಂತ ಹಣದಿಂದ ಮಠದ ಖಾತೆಗೆ ಜಮಾ ಮಾಡಿದ್ದೇವೆ.

ಭಕ್ತ ಬಂಧುಗಳಲ್ಲಿ ನಾಲ್ಕು ವಿನಂತಿಗಳು. ಮನೆ ಕಟ್ಟುವವರು ಗೋಡೆಗೆ ಗಿಲಾವು ಮಾಡಿಸುವ ಮೊದಲು ಒಮ್ಮೆ ಎಲ್ಲ ತಂತಿಗಳನ್ನು ಜಾಣರಿಂದ ತೋರಿಸಿಕೊಳ್ಳಿರಿ. ಅರ್ಥಿಂಗಿನ ಗುಂಡಿ ಇದ್ದವರು ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕುತ್ತಿರಿ. ನಮ್ಮಂಥ ಬರದ ನೆಲ ಒಣಗಿದರೆ ಕರೆಂಟಿಗೆ ದಾರಿ ಕೊಡುವುದಿಲ್ಲ. ಆರ್.ಸಿ.ಸಿ.ಬಿ. ಕೂಡಿಸಿದವರು ಅದರ ಮೇಲಿನ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ, ಬೀಳುತ್ತದೆಯೋ ಇಲ್ಲವೋ ನೋಡಿರಿ. ಬಾಡಿಗೆಗೆ ಖೋಲಿ ಕೊಟ್ಟವರು ಈ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ, ಎರಡು ಗಂಟೆಯ ಹೊತ್ತಿಗೆ, ತಮ್ಮದೇ ಖೋಲಿಯಲ್ಲಿ ಒಂದು ತಾಸು ಕುಳಿತು ಬನ್ನಿರಿ.

ಹಳೆಯ ಟೆಸ್ಟ್ ರಿಪೋರ್ಟಿನ ಪ್ರತಿ ಕಚೇರಿಯ ಕಡತದಲ್ಲಿ ಹಾಗೆಯೇ ಇದೆ. ಅದನ್ನು ತೆಗೆದು ಹಾಕಿಲ್ಲ. ಕೆಂಪು ಶಾಯಿಯಲ್ಲಿ 'ತಪಾಸಣೆ ಆಗಿರಲಿಲ್ಲ' ಎಂದು ಬರೆದು, ಕೆಳಗೆ ನಮ್ಮ ಸಹಿ ಮಾಡಿ, ತಾರೀಖು ಹಾಕಿ ಇಟ್ಟಿದ್ದೇವೆ. ನಮ್ಮ ನಂತರ ಈ ಜಾಗಕ್ಕೆ ಬರುವವರು ಅದನ್ನು ಒಮ್ಮೆ ತೆರೆದು ಓದಲಿ ಎಂಬುದೇ ನಮ್ಮ ಬೇಡಿಕೆ.

ಶರಣು.

ಮಠದ ಕಾರ್ಯದರ್ಶಿ